ರತ್ನಕ್ಕ ಮತ್ತು ಕಾಣೆಯಾದ ಎಂಟು ಸರ್ವರ್‌ಗಳು

ರತ್ನಕ್ಕ ಕೆಲಸಕ್ಕೆ ಕೂತರೆಂದರೆ ಮೊದಲು ಮೌಸನ್ನು ಕಿತ್ತು ಡ್ರಾಯರಿಗೆ ಹಾಕುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಮೌಸನ್ನೂ ಕಿತ್ತುಕೊಂಡು, ತಮ್ಮ ವ್ಯಾನಿಟಿ ಬ್ಯಾಗಿನೊಳಗೆ ಊಟದ ಡಬ್ಬಿಯ ಪಕ್ಕಕ್ಕೆ ತುರುಕಿ ಜಿಪ್ ಎಳೆದುಬಿಟ್ಟರು. "ಇದು ಕೈಲಿದ್ರೆ ಸುಮ್ನೆ ಮೇಲಕ್ಕೂ ಕೆಳಕ್ಕೂ ತಿರುಗ್ತಾ ಇರ್ತೀಯ. ತಿರುಗೋದು ಬೇರೆ, ಹುಡುಕೋದು ಬೇರೆ ಕಣೇ," ಎಂದರು. ಆ ಮೌಸ್ ನನಗೆ ವಾಪಸ್ಸು ಸಿಕ್ಕಿದ್ದು ಹದಿನೈದು ದಿನಗಳ ಮೇಲೆ, ಚಿತ್ರಾನ್ನದ ವಾಸನೆಯ ಸಮೇತ.

ನರಸಾಪುರದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಅಲ್ಲಿ ಹಾಜರಾತಿಯಿಂದ ಹಿಡಿದು ಡಬ್ಬಗಳ ಮೇಲೆ ಅಂಟಿಸುವ ಲೇಬಲಿನವರೆಗೆ ಎಲ್ಲವನ್ನೂ ನಡೆಸುವ ಮುನ್ನೂರಕ್ಕೂ ಮೇಲ್ಪಟ್ಟ ಸರ್ವರ್‌ಗಳಿದ್ದವು. ಅವುಗಳನ್ನು ಕಾಯುವುದು ನಮ್ಮ ಕೆಲಸ. ಗೋಡೆಯ ಮೇಲೊಂದು ದೊಡ್ಡ ಪರದೆ, ನಮ್ಮೆದುರು ಒಬ್ಬೊಬ್ಬರಿಗೂ ಒಂದೊಂದು ಚಿಕ್ಕದು. ಚೆನ್ನಾಗಿರುವ ಸರ್ವರ್ ಹಸಿರು, ಏದುಸಿರು ಬಿಡುತ್ತಿರುವುದು ಹಳದಿ, ಕೈಕೊಟ್ಟಿದ್ದು ಅಥವಾ ಕೊಡಲಿರುವುದು ಕೆಂಪು. ಅಷ್ಟೂ ಸರ್ವರ್‌ಗಳ ಹೆಸರು ಲಾರಿಯ ನಂಬರ್ ಪ್ಲೇಟಿನ ಥರ, ಒಂದಕ್ಕೂ ಇನ್ನೊಂದಕ್ಕೂ ಒಂದೇ ಅಂಕಿಯ ವ್ಯತ್ಯಾಸ.

ರತ್ನಕ್ಕನ ಪೂರ್ತಿ ಹೆಸರು ಮುನಿರತ್ನಮ್ಮ. ಟೇಕಲ್‌ನವರು. ಬೆಳಿಗ್ಗೆ ರೈಲಿನಲ್ಲಿ ಮಾಲೂರಿಗೆ, ಅಲ್ಲಿಂದ ಕಂಪನಿ ಬಸ್ಸಿನಲ್ಲಿ ನರಸಾಪುರಕ್ಕೆ. ಅದೇ ಕಾರ್ಖಾನೆಯ ಸ್ಟೋರಿನಲ್ಲಿ ಹನ್ನೆರಡು ವರ್ಷ ನಟ್ಟು ಬೋಲ್ಟು ಎತ್ತಿಕೊಟ್ಟವರು. ಯಾವ ಬೀರುವಿನ ಯಾವ ಅರೆಯಲ್ಲಿ ಏನಿದೆ ಎಂದು ನೋಡದೆಯೇ ಹೇಳುತ್ತಾರೆಂಬ ಸುದ್ದಿ ಹಬ್ಬಿ, ಹಿಂದಿನ ಮ್ಯಾನೇಜರು ಅವರನ್ನು ನಮ್ಮ ಕೋಣೆಗೆ ಕರೆತಂದಿದ್ದರಂತೆ. ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ಟೈಪ್ ಮಾಡುವುದು ಬಲಗೈಯ ಒಂದೇ ಬೆರಳಿನಲ್ಲಿ, ಎಡಗೈಯಲ್ಲಿ ಕಡಲೆಕಾಯಿ.

ನನ್ನ ಮೊದಲ ವಾರದಲ್ಲೇ ಪೇಂಟ್ ವಿಭಾಗದಿಂದ ಫೋನ್ ಬಂತು. ಅವರ ಒಂದು ಸರ್ವರ್ ತುಂಬ ನಿಧಾನವಾಗಿದೆಯಂತೆ, ಯಾವುದೆಂದು ಗೊತ್ತಿಲ್ಲವಂತೆ. ನಾನು ಬಾಣದ ಗುಂಡಿ ಒತ್ತಿಕೊಂಡು ಪಟ್ಟಿಯ ಒಂದೊಂದೇ ಸಾಲು ಇಳಿಯತೊಡಗಿದೆ. ರತ್ನಕ್ಕ ಸ್ವಲ್ಪ ಹೊತ್ತು ನೋಡಿ, ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕಿಟ್ಟರು. ಎಲ್ಲಿಯದು ಎಂದು ಕೇಳಿದರು. ಪೇಂಟ್ ವಿಭಾಗದ್ದು ಎಂದೆ. ಫಿಲ್ಟರಿನಲ್ಲಿ ಅದೊಂದನ್ನು ಆರಿಸಿದರು; ಮುನ್ನೂರು ಚಿಲ್ಲರೆ ಹೋಗಿ ಇಪ್ಪತ್ತಾಯಿತು. ಹೇಗಿದೆ ಎಂದು ಕೇಳಿದರು. ನಿಧಾನ ಎಂದೆ. ಹಳದಿ ಆರಿಸಿದರು, ಎರಡು ಉಳಿದವು. "ಚೂಡು, ನೋಡಿಲ್ಲಿ. ಬೇಡದ್ದನ್ನ ಆಚೆ ಕಳ್ಸು, ಬೇಕಾದ್ದು ನಿನ್ನ ಮುಂದೇನೇ ಕೂತಿರ್ತದೆ," ಎಂದು ಕಡಲೆಕಾಯಿಗೆ ಮರಳಿದರು.

ಹೊರಗೂ ಅವರು ಹೀಗೇ. ಒಮ್ಮೆ ಮಾಲೂರು ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ಅತ್ತೆ ಕಳೆದುಹೋದರೆಂದು ಅಳುತ್ತ ಅತ್ತಿಂದಿತ್ತ ಓಡುತ್ತಿದ್ದಳು. ರತ್ನಕ್ಕ ಅವಳನ್ನು ನಿಲ್ಲಿಸಿ ಎರಡೇ ಪ್ರಶ್ನೆ ಕೇಳಿದರು: ಸೀರೆ ಯಾವ ಬಣ್ಣ, ಹಸಿವು ತಡೀತಾರಾ ಇಲ್ಲವಾ. ಹಸಿರು, ತಡೆಯುವುದಿಲ್ಲ ಎಂದಳು. ತಿಂಡಿ ಗಾಡಿಯ ಹತ್ತಿರ ಹಸಿರು ಸೀರೆಯ ಮುದುಕಿ ಆರಾಮಾಗಿ ಬೋಂಡಾ ತಿನ್ನುತ್ತಿದ್ದರು. ದೂರದಿಂದಲೇ ತೋರಿಸುವ ಮುಂಚೆ ರತ್ನಕ್ಕ ಆ ಸೊಸೆಯ ಕಿವಿಯಲ್ಲಿ, "ತೋರಿಸ್ಲೇಬೇಕೇನಮ್ಮ? ಇನ್ನೊಂದ್ಸಲ ಯೋಚ್ನೆ ಮಾಡು," ಎಂದರು. ಅಳುತ್ತಿದ್ದವಳು ನಕ್ಕುಬಿಟ್ಟಳು.

ಹಿಂದಿನ ಮ್ಯಾನೇಜರು ಹೋಗಿ ಪ್ರಭಾಕರ ಸಾಹೇಬರು ಬಂದದ್ದು ಆಮೇಲೆ. ಕೆಟ್ಟವರೇನಲ್ಲ. ಆದರೆ ಕೆಂಪು ಕಂಡರೆ ಅವರಿಗೆ ಮೈಯೆಲ್ಲ ಉರಿ. ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿಯೊಂದರಿಂದ ಐದು ಜನ ಕಾರ್ಖಾನೆ ನೋಡಲು ಬರುವವರಿದ್ದರು. ಅವತ್ತು ಬೆಳಿಗ್ಗೆ ನಾವು ಒಳಗೆ ಹೋದಾಗ ಗೋಡೆಯ ಪರದೆ ಪೂರ್ತಿ ಹಸಿರು, ಫಸಲು ಬಂದ ಗದ್ದೆಯ ಹಾಗೆ. ನಾನು ಖುಷಿಪಟ್ಟೆ. ರತ್ನಕ್ಕ ಬ್ಯಾಗ್ ಕೆಳಗಿಡದೆ ಪರದೆಯ ಮೂಲೆಯಲ್ಲಿ ಒಟ್ಟು ಸರ್ವರ್ ಎಷ್ಟೆಂದು ತೋರಿಸುವ ಸಣ್ಣ ಅಂಕಿಯನ್ನೇ ನೋಡುತ್ತ ನಿಂತರು. ದಿನಾ ಮುನ್ನೂರ ಇಪ್ಪತ್ತು ಇರುತ್ತಿದ್ದದ್ದು ಅವತ್ತು ಮುನ್ನೂರ ಹನ್ನೆರಡು.

"ಎಂಟು ಜನ ಎಲ್ಲಿ ಹೋದ್ರು?" ಎಂದರು.

ಎಲ್ಲಿಗೂ ಹೋಗಿರಲಿಲ್ಲ. ಕೆಂಪಾಗಿರುವುದು ಯಾವುದೂ ಕಾಣದಂತೆ ಸಾಹೇಬರು ಫಿಲ್ಟರ್ ಹಾಕಿಸಿದ್ದರು. ರತ್ನಕ್ಕ ತಮ್ಮ ಪರದೆಯಲ್ಲಿ ಅದನ್ನು ತೆಗೆದು ನೋಡಿದರು. ಎಂಟರಲ್ಲಿ ಏಳು ಹಳೆಯ ರೋಗಿಗಳು, ಕಾಯಬಹುದಿತ್ತು. ಎಂಟನೆಯದು ಲೇಬಲ್ ಸರ್ವರ್. ಅದರ ಡಿಸ್ಕ್ ತುಂಬುತ್ತ ಬಂದಿತ್ತು. ಮಧ್ಯಾಹ್ನದೊಳಗೆ ಪೂರ್ತಿ ತುಂಬಿ ನಿಂತುಹೋಗುವುದು ಖಂಡಿತ. ಲೇಬಲ್ ಇಲ್ಲದೆ ಒಂದು ಡಬ್ಬವೂ ಗೇಟು ದಾಟುವಂತಿರಲಿಲ್ಲ. ಖಾಲಿ ಮಾಡಿ ಮತ್ತೆ ಚಾಲೂ ಮಾಡಲು ಹತ್ತು ನಿಮಿಷ ಸಾಕು. ರತ್ನಕ್ಕ ಹೋಗಿ ಕೇಳಿದರು. ಬಂದವರು ಹೋಗುವವರೆಗೆ ಯಾವುದನ್ನೂ ನಿಲ್ಲಿಸಕೂಡದು, ಗೋಡೆಯ ಪರದೆಯನ್ನಂತೂ ಯಾರೂ ಮುಟ್ಟಕೂಡದು ಎಂದು ಸಾಹೇಬರು ಕಡ್ಡಿ ಮುರಿದಂತೆ ಹೇಳಿದರು. ಸರ್ವರ್ ಕೆಂಪಾಗಿರುವುದು ತಮಗೆ ಗೊತ್ತು ಎಂದೂ ಸೇರಿಸಿದರು.

ವಾಪಸ್ಸು ಬಂದ ರತ್ನಕ್ಕನ ಮುಖದಲ್ಲಿ ಕೋಪವಿರಲಿಲ್ಲ. ಅದು ನನಗೆ ಭಯ ಹುಟ್ಟಿಸಿತು. ಸರ್ವರ್‌ಗಳಿಗೆ ನಾವು ಟ್ಯಾಗ್ ಹಾಕುವುದುಂಟು, ಡಬ್ಬಿಗೆ ಚೀಟಿ ಅಂಟಿಸಿದ ಹಾಗೆ; ಆಮೇಲೆ ಆ ಚೀಟಿಯ ಹೆಸರಿನಿಂದಲೇ ಹುಡುಕಬಹುದು. ಆ ಎಂಟಕ್ಕೂ ಹೊಸದೊಂದು ಟ್ಯಾಗ್ ಹಾಕು ಎಂದರು. ಅವರಿಗೆ ಕನ್ನಡ ಟೈಪಿಂಗ್ ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಏನಂತ ಬರೆಯಲಿ ಎಂದೆ.

"ಸಾಹೇಬರಿಗೆ ಗೊತ್ತು, ಅಂತ ಬರಿ."

ಬರೆದೆ. ಬರೆಯುವಾಗ ನನಗೆ ನಗು ತಡೆಯಲಾಗಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಹನ್ನೊಂದರ ಹೊತ್ತಿಗೆ ಐವರೂ ಬಂದರು. ಅವರ ಮುಖ್ಯಸ್ಥೆ ಕನ್ನಡಕ ಹಾಕಿದ್ದ, ಕಡಿಮೆ ಮಾತಿನ ಹೆಂಗಸು. ಹಸಿರು ಗೋಡೆಯನ್ನು ನೋಡಿ ಅವರು ಮೆಚ್ಚಲೂ ಇಲ್ಲ, ತೆಗಳಲೂ ಇಲ್ಲ. ಇಷ್ಟರಲ್ಲಿ ಬೇಕಾದದ್ದನ್ನು ಹೇಗೆ ಹುಡುಕುತ್ತೀರಿ ಎಂದಷ್ಟೇ ಕೇಳಿದರು. ಸಾಹೇಬರು ಉತ್ಸಾಹದಿಂದ ತಾವೇ ಮುಂದೆ ಬಂದು ಟ್ಯಾಗುಗಳ ಪಟ್ಟಿ ಬಿಚ್ಚಿದರು. ಇಂಗ್ಲಿಷ್ ಹೆಸರುಗಳೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಆಳೆತ್ತರದ ಪರದೆಯಲ್ಲಿ ಒಂದೇ ಒಂದು ಕನ್ನಡದ ಸಾಲು. ಅದರ ಪಕ್ಕದಲ್ಲಿ ಎಂಟು ಎಂಬ ಅಂಕಿ.

ಆ ಹೆಂಗಸು ಅದನ್ನು ಗಟ್ಟಿಯಾಗಿ ಓದಿ, "ಏನು ಗೊತ್ತು ನಿಮಗೆ?" ಎಂದು ಕೇಳಿದರು.

ತೆಗೆದು ತೋರಿಸಿ ಎಂದರು ಆಕೆ. ಸಾಹೇಬರು ಒತ್ತಿದರು. ಕೆಂಪನ್ನು ಮುಚ್ಚುವ ಫಿಲ್ಟರ್ ಇನ್ನೂ ಇತ್ತಲ್ಲ, ಪಟ್ಟಿ ಖಾಲಿ ಬಂತು. ಸಾಹೇಬರು ಉಸಿರುಬಿಟ್ಟರು. ಆಕೆ ಬಿಡಲಿಲ್ಲ. ಎಂಟು ಎಂದು ಬರೆದಿದೆ, ಒಂದೂ ಇಲ್ಲವಲ್ಲ ಎಂದರು. ಆಗ ಹಿಂದಿನಿಂದ ರತ್ನಕ್ಕ ಬಹಳ ವಿನಯವಾಗಿ, "ಮೇಲೊಂದು ಫಿಲ್ಟರ್ ಅದೆ ಸಾರ್. ಅದನ್ನ ತೆಗೆದ್ರೆ ಎಲ್ಲಾ ಬರ್ತಾರೆ," ಎಂದರು.

ತೆಗೆದರು. ಬಂದರು. ಎಂಟೂ ಕೆಂಪಗೆ ಸಾಲಾಗಿ ನಿಂತವು.

ಆಮೇಲೆ ನಡೆದದ್ದು ಕೆಲಸ. ಆ ಹೆಂಗಸು ಕೇಳಿದ್ದಕ್ಕೆಲ್ಲ ರತ್ನಕ್ಕ ನೆಟ್ಟಗೆ ಉತ್ತರ ಕೊಟ್ಟರು. ಲೇಬಲ್ ಸರ್ವರಿಗೆ ಇನ್ನು ಅರ್ಧ ಗಂಟೆ ಆಯಸ್ಸು ಎಂದೂ ಹೇಳಿದರು. ಹಾಗಾದರೆ ಮೊದಲು ಅದನ್ನು ನೋಡಿ, ನಾವು ಕಾಫಿ ಕುಡಿಯುತ್ತೇವೆ ಎಂದರು ಆಕೆ. ಕಾಫಿ ಮುಗಿಯುವಷ್ಟರಲ್ಲಿ ಸರ್ವರ್ ಹಸಿರಾಗಿತ್ತು. ಮಧ್ಯಾಹ್ನದ ಲಾರಿಗಳು ಹೊತ್ತಿಗೆ ಸರಿಯಾಗಿ ಹೊರಟವು.

ಮರುದಿನ ಸಾಹೇಬರು ನಮ್ಮಿಬ್ಬರನ್ನೂ ಕರೆದು, ಅದನ್ನು ಬರೆದವರು ಯಾರು ಎಂದು ಕೇಳಿದರು. ನನ್ನ ಕೆಲಸ ಕಾಯಂ ಆಗಲು ಇನ್ನೂ ಎರಡು ತಿಂಗಳಿತ್ತು.

"ನಾನೇ ಸಾರ್. ಗೊತ್ತು ಅಂತ ನೀವೇ ಅಂದ್ರಲ್ಲ, ಅದನ್ನೇ ಬರ್ದೆ," ಎಂದರು ರತ್ನಕ್ಕ.

ಕನ್ನಡದ ಒಂದಕ್ಷರ ಟೈಪ್ ಮಾಡಲು ಬಾರದ ಹೆಂಗಸು. ಸಾಹೇಬರಿಗೆ ಅದು ಹೊಳೆಯಲಿಲ್ಲ. ನಾನು ನೆಲ ನೋಡುತ್ತ ನಿಂತಿದ್ದೆ. ಅದೇ ವಾರ ರತ್ನಕ್ಕನನ್ನು ಮತ್ತೆ ಸ್ಟೋರಿಗೆ ಕಳಿಸಿದರು. ಹೋಗುವಾಗ ಅವರು ಏನೂ ಆಗದವರಂತೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಹೇಳಿ ಹೋದರು. ನಾನು ಊಟದ ಹೊತ್ತಿಗೆ ಸ್ಟೋರಿನ ದಾರಿ ತಪ್ಪಿಸಿ ಸುತ್ತು ಹಾಕಿಕೊಂಡು ಕ್ಯಾಂಟೀನಿಗೆ ಹೋಗತೊಡಗಿದೆ.

ಆರು ತಿಂಗಳಿಗೆ ಮಂಡಿನೋವೆಂದು ಅವರು ಕೆಲಸ ಬಿಟ್ಟರು. ಕೊನೆಯ ದಿನ ಸಂಜೆ ಕಂಪನಿ ಬಸ್ಸಿನಲ್ಲಿ ಒಟ್ಟಿಗೇ ಮಾಲೂರಿಗೆ ಬಂದೆವು. ಸ್ಟೋರಿನವರು ಕೊಟ್ಟ ಗೋಡೆ ಗಡಿಯಾರವನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದುಕೊಂಡಿದ್ದರು. ಇನ್ನು ಬಂಗಾರಪೇಟೆಯಲ್ಲಿ ಮಗಳ ಜೊತೆ ಇರುವುದಂತೆ. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ನಾನು ಕೊನೆಗೂ ಬಾಯಿಬಿಟ್ಟೆ. "ಅವತ್ತು ಬರ್ದಿದ್ದು ನಾನು ರತ್ನಕ್ಕ. ಹೇಳ್ಬೇಕಾಗಿತ್ತು."

ಅವರು ನನ್ನನ್ನು ನೋಡಿದರು. "ಹೇಳಿದ್ರೆ ಏನಾಗ್ತಿತ್ತು? ಇಬ್ರನ್ನೂ ಸ್ಟೋರಿಗೆ ಹಾಕ್ತಿದ್ರು. ಅಲ್ಲಿರೋದೇ ಒಂದು ಕುರ್ಚಿ. ನಿನ್ನನ್ನ ತೊಡೆ ಮೇಲೆ ಕೂರಿಸ್ಕೊಳ್ಳೋಕೆ ನನ್ನ ಮಂಡಿ ಎಲ್ಲಿ ಸರಿಯಾಗಿ ಅದೆ?"

ನಾನು ನಕ್ಕೆ. ನಗುತ್ತ ನಗುತ್ತಲೇ ಅತ್ತೆ. ಅವರು ಸುಮ್ಮನೆ ಗಡಿಯಾರದ ಮೇಲಿನ ಬಣ್ಣದ ಕಾಗದ ಹರಿದು, ಮೂಗು ಒರೆಸಿಕೋ ಎಂದು ಕೊಟ್ಟರು. ರೈಲು ಬಂತು. ಗಡಿಯಾರವನ್ನೇ ಅಡ್ಡ ಹಿಡಿದು ದಾರಿ ಮಾಡಿಕೊಂಡು ಹತ್ತಿದರು, ಕಿಟಕಿಯ ಸೀಟನ್ನೂ ಹಿಡಿದರು. ರೈಲು ಹೊರಟಾಗ ಕಿಟಕಿಯ ಸರಳಿನ ಹಿಂದಿನಿಂದ ನನ್ನತ್ತ ಬಾಗಿ ಏನೋ ಕೇಳಿದರು. ಗದ್ದಲದಲ್ಲಿ ಒಂದು ಮಾತೂ ಕೇಳಿಸಲಿಲ್ಲ. ನಾನು ಆಗಲಿ ಎಂದು ಜೋರಾಗಿ ತಲೆಯಾಡಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಏನಕ್ಕೆ ಒಪ್ಪಿಕೊಂಡೆನೋ ಇವತ್ತಿಗೂ ಗೊತ್ತಿಲ್ಲ.