ಅಪ್ಪನ ಉಳಿಯೊಳಗಿನ ಬಿಳಿ ಸೂಜಿಗಳು

ಏಳನೇ ತರಗತಿಗೇ ಶಾಲೆ ಬಿಟ್ಟವನು ನಾನು. ಆದರೆ ಬಿಡದಿಯ ಕಾರ್ಖಾನೆಯ ಲ್ಯಾಬಿನಲ್ಲಿ ಉಕ್ಕಿನ ಚೂರನ್ನು ಮುಖ ಕಾಣುವ ಹಾಗೆ ತಿಕ್ಕಿ, ಆಸಿಡ್ ಸವರಿ, ಮೈಕ್ರೋಸ್ಕೋಪಿನಡಿ ಇಡುವವನೂ ನಾನೇ. ಅಲ್ಲಿ ಕಾಣುವುದೆಲ್ಲ ಒಂದೇ ಜಾತಿಯದಲ್ಲ. ಸಿಮೆಂಟೈಟ್ ಸಂಯುಕ್ತ, ಕಬ್ಬಿಣವೂ ಇಂಗಾಲವೂ ಕೂಡಿ ಆದ ಗಡುಸು ವಸ್ತು. ಪರ್ಲೈಟ್ ಹಾಗಲ್ಲ, ಅದು ರಚನೆ. ಮೆತ್ತನೆ ಕಬ್ಬಿಣ ಮತ್ತು ಸಿಮೆಂಟೈಟ್ ಉತ್ತ ಹೊಲದ ಸಾಲಿನಂತೆ ಪದರ ಪದರವಾಗಿ ಕೂತಿರುತ್ತವೆ. ಕೆಂಪಗೆ ಕಾದದ್ದನ್ನು ನೀರಿಗೆ ಅದ್ದಿದರೆ ಸಾಲು ಮೂಡಲು ಸಮಯ ಸಿಗದೆ, ಸೂಜಿ ಚೆಲ್ಲಿದಂಥ ಮಾರ್ಟೆನ್ಸೈಟ್ ಆಗುತ್ತದೆ. ಅದೂ ರಚನೆಯೇ. ಮತ್ತೆ ಸಣ್ಣಗೆ ಕಾಯಿಸಿ ಹದಕ್ಕೆ ಇಳಿಸದಿದ್ದರೆ ಗಾಜಿನಂತೆ ಸಿಡಿಯುತ್ತದೆ.

ಹಾಗೆ ಸಿಡಿದ ಒಂದು ತುಂಡು ನಮ್ಮ ಮನೆಯಲ್ಲೇ ಇತ್ತು.

ಅಪ್ಪ ಚನ್ನಪಟ್ಟಣದಲ್ಲಿ ಕುಲುಮೆ ಇಟ್ಟುಕೊಂಡು, ಕಬ್ಬಿಣ ಉಜ್ಜುವ ಹಳೆಯ ಅರಗಳಿಂದ ಬೊಂಬೆ ಕಡೆಯುವವರಿಗೆ ಉಳಿ ಮಾಡಿಕೊಡುತ್ತಿದ್ದರು. ಒಂದು ಉಳಿ ಲೇತಿನ ಮೇಲೆ ಮುರಿದು, ಬೊಂಬೆ ಕಡೆಯುತ್ತಿದ್ದ ಅವರ ಗೆಳೆಯನ ಎಡಗಣ್ಣು ತೆಗೆಯಿತು. ನಾನು ಚಾಚಾ ಎಂದು ಕರೆಯುವುದು ಅವರನ್ನೇ. ಆ ಸಂಜೆ ಅಪ್ಪ ಕಾದ ಉಕ್ಕು ಅದ್ದುವ ನೀರಿನ ತೊಟ್ಟಿ ಬೋರಲು ಹಾಕಿದವರು ಸಾಯುವವರೆಗೂ ಎತ್ತಲಿಲ್ಲ. ಮುರಿದ ಉಳಿ ದೇವರ ಗೂಡಿನ ಹಿಂದೆ ಉಳಿಯಿತು.

ಹೋದ ವರ್ಷ ಅದನ್ನು ಲ್ಯಾಬಿಗೆ ಒಯ್ದೆ. ಉಕ್ಕಿನ ಕಣಗಳ ಸುತ್ತ ಸಿಮೆಂಟೈಟ್ ಬಲೆ ಕಟ್ಟಿದ್ದರೆ ಹಳೆಯ ಅರದ ಉಕ್ಕಿನದೇ ದೋಷ ಎನ್ನಬಹುದಿತ್ತು, ಅಪ್ಪನ ಹೆಸರು ಉಳಿಯುತ್ತಿತ್ತು. ಬಲೆ ಇರಲಿಲ್ಲ. ಬರೀ ಸೂಜಿ. ಹದಕ್ಕೆ ಇಳಿಸಿದ್ದಾದರೆ ಆಸಿಡ್ಡಿಗೆ ಕಪ್ಪಾಗಬೇಕು. ಇವು ಬೆಳ್ಳಗೇ ಉಳಿದವು. ಮತ್ತೆ ತಿಕ್ಕಿದೆ. ಮತ್ತೂ ಬಿಳಿ.

ನಾನು ಹೋದಾಗ ಚಾಚಾ ಲೇತಿನ ಮೇಲೆ ತಿರುಗುವ ಬುಗುರಿಗೆ ಬಣ್ಣದ ಅರಗು ಹಚ್ಚುತ್ತಿದ್ದರು.

"ಉಳಿ ನೋಡ್ದೆ ಚಾಚಾ. ಅಪ್ಪ ಹದಕ್ಕೆ ಇಳಿಸಿಲ್ಲ."

"ಒಂದ್ ಕಣ್ ಮುಚ್ಕೊಂಡ್ ನೋಡ್ದ್ಯಾ? ನೀನೂ ನನ್ ಥರಾನೇ ಆದ್ಯಲ್ಲಾ!" ನಕ್ಕರು. ಆಮೇಲೆ ಲೇತು ನಿಲ್ಲಿಸಿದರು. "ಇಳಿಸಕ್ಕೆ ನಾನೆಲ್ಲಿ ಬುಟ್ಟೆ? ಆರ್ಡರ್ ಐತೆ ಅಂತ ತೊಟ್ಟಿಯಿಂದ್ಲೇ ಎತ್ಕೊಂಡ್ ಓಡ್ದೆ. ನಿಮ್ಮಪ್ಪ 'ಇನ್ನೂ ಆಗಿಲ್ಲ ಕಣ್ಲಾ' ಅಂತ ಬೀದಿವರ್ಗೂ ಬಂದಿದ್ದ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಯಾರ್ ಕೇಳಿದ್ರು?"

ನಿಜವೋ, ಗೆಳೆಯನ ಮಗನಿಗೆ ಕೊಟ್ಟ ಸಮಾಧಾನವೋ. ನಿಜವಾದರೆ ಅಪ್ಪ ಆ ತೊಟ್ಟಿಯನ್ನು ಯಾಕೆ ಎತ್ತಲಿಲ್ಲ? ಹೇಗೆ ತಣಿಯಿತು ಎಂಬುದನ್ನು ಸೂಜಿಗಳು ಹೇಳುತ್ತವೆ. ನೀರಿನಿಂದ ಎತ್ತಿದ ಕೈ ಯಾರದೆಂದು ಹೇಳುವುದಿಲ್ಲ.

ಈಗ ಕಾರ್ಖಾನೆಯಲ್ಲಿ ಕಾದ ಉಕ್ಕು ಎಣ್ಣೆಗೆ ಇಳಿದು ಚುಯ್ ಎಂದಾಗಲೆಲ್ಲ ಹಿಂದೆ ಯಾರೋ ಓಡಿ ಬಂದ ಹಾಗಾಗುತ್ತದೆ. "ಇನ್ನೂ ಆಗಿಲ್ಲ ಕಣ್ಲಾ." ಅಪ್ಪನ ಬಾಯಿಂದ ನಾನು ಎಂದೂ ಕೇಳದ ಮಾತು. ತಿರುಗಿ ನೋಡುತ್ತೇನೆ.