ಮುಚ್ಚಿದ ಪಾತ್ರೆಯ ಲೆಕ್ಕ

ಮೋಲ್ ಎಂದರೇನೆಂದು ಪಿಯು ಮಕ್ಕಳಿಗೆ ಎಷ್ಟೋ ವರ್ಷಗಳಿಂದ ಹೇಳಿಕೊಡುತ್ತಿದ್ದೇನೆ. ಅದು ಯಾರಿಗಾದರೂ ಅರ್ಥವಾಗಿದೆ ಎಂಬ ನಂಬಿಕೆ ಮಾತ್ರ ಇನ್ನೂ ಬಂದಿಲ್ಲ. ಡಜನ್ ಎಂದರೆ ಹನ್ನೆರಡು, ಮೋಲ್ ಕೂಡ ಅಂಥದೇ ಒಂದು ಎಣಿಕೆ, ಸ್ವಲ್ಪ ದೊಡ್ಡದು, ಎನ್ನುತ್ತೇನೆ. 'ಸ್ವಲ್ಪ' ಎನ್ನುವಷ್ಟರಲ್ಲಿ ಬೋರ್ಡಿನ ಮೇಲೆ ಆರರ ಮುಂದೆ ಇಪ್ಪತ್ತಮೂರು ಸೊನ್ನೆ ಸುತ್ತಿರುತ್ತೇನೆ. ಮಕ್ಕಳು ಗಂಭೀರವಾಗಿ ಬರೆದುಕೊಳ್ಳುತ್ತಾರೆ. ಸಹಸ್ರನಾಮವನ್ನೂ ನಾವು ಹೀಗೇ ಒಪ್ಪಿಕೊಂಡವರು. ಎಣಿಸಿ ನೋಡಿದವರು ಯಾರು?

ಬೆಳ್ಳಾವಿಯ ಭವ್ಯಳೂ ತುಮಕೂರಿನ ನಮ್ಮ ಕಾಲೇಜಿನಲ್ಲಿ ಕೂತು ಹೀಗೆ ಬರೆದುಕೊಂಡವಳೇ. ಎಲ್ಲ ಪಾಸಾಗಿ, ಕೆಮಿಸ್ಟ್ರಿ ಒಂದು ಉಳಿಯಿತು. ಕುಣಿಗಲ್‌ನ ನರ್ಸಿಂಗ್ ಕಾಲೇಜೊಂದರಲ್ಲಿ ಅವಳಿಗೊಂದು ಸೀಟು ಹಿಡಿದಿಟ್ಟಿದ್ದರು. ಮರುಪರೀಕ್ಷೆ ಪಾಸಾದರೆ ಅವಳದು, ಇಲ್ಲವಾದರೆ ಇನ್ನೊಬ್ಬಳದು. ಹಾಗಾಗಿ ತಾಯಿ ಗೌರಮ್ಮನ ಜೊತೆ ಗುಬ್ಬಿಯ ನಮ್ಮ ಮನೆಗೆ ಪಾಠಕ್ಕೆ ಬರತೊಡಗಿದಳು.

ಮುಚ್ಚಿದ ಪಾತ್ರೆಯಲ್ಲಿ ಮೂರು ಮೋಲ್ ಹೈಡ್ರೋಜನ್, ಒಂದು ಮೋಲ್ ಆಕ್ಸಿಜನ್ ಇವೆ; ನೀರು ಎಷ್ಟು ಮೋಲ್? ಎರಡು ಹೈಡ್ರೋಜನ್‌ಗೆ ಒಂದು ಆಕ್ಸಿಜನ್ ಬೇಕು. ಆಕ್ಸಿಜನ್ ಮುಗಿದೊಡನೆ ಆಟ ಮುಗಿಯಿತು: ನೀರು ಎರಡೇ ಮೋಲ್, ಮಿಕ್ಕ ಹೈಡ್ರೋಜನ್ ಸುಮ್ಮನೆ ಕೂರುತ್ತದೆ. ಹೀಗೆ ಮೊದಲು ಮುಗಿದು ಉಳಿದವರನ್ನೂ ನಿಲ್ಲಿಸುವುದಕ್ಕೆ ಲಿಮಿಟಿಂಗ್ ರಿಯೇಜೆಂಟ್ ಎಂದು ಹೆಸರು. ಭವ್ಯಳ ಉತ್ತರ ಪ್ರತಿ ಸಲವೂ ಮೂರು.

ಮೇಷ್ಟರ ಹಳೆಯ ಚಟದಂತೆ ಅಡುಗೆಮನೆಗೆ ಇಳಿದೆ. "ಕಾಯಿ ಹೋಳಿಗೆ ಮಾಡ್ತೀಯ ಅಂತಿಟ್ಕೋ. ಎರಡು ಕಾಯಿಗೆ ಒಂದು ಅಚ್ಚು ಬೆಲ್ಲ. ನಿನ್ನ ಹತ್ರ ಮೂರು ಕಾಯಿ ಇದೆ, ಬೆಲ್ಲ ಒಂದೇ ಅಚ್ಚು. ಏನಾಗುತ್ತೆ?"

ಗೌರಮ್ಮನೇ ಉತ್ತರಿಸಿದರು. "ಏನಾಗದೇನ್ ಸಾ? ಪಕ್ಕದ್ಮನೆ ಲಕ್ಷ್ಮಕ್ಕನ ತಾವ ಅರ್ಧ ಅಚ್ಚು ಇಸ್ಕೊಂಡ್ ಬತ್ತೀವಿ."

"ಇಸ್ಕೊಳ್ಳೋ ಹಾಗಿಲ್ಲಮ್ಮಾ. ಪಾತ್ರೆ ಮುಚ್ಚಿದೆ."

"ತಗುದ್ರಾಯ್ತು. ಕಾಯಿ ತುರ್ದು ಮಡಿಕ್ಕಂಡು ನೋಡ್ತಾ ಕುಂತ್ಕಳಕಾಯ್ತದಾ?"

"ಸುಮ್ಕಿರವ್ವಾ, ಇದು ಕೆಮಿಸ್ಟ್ರಿ ಕಣವ್ವಾ," ಎಂದಳು ಭವ್ಯ.

"ಯಾವ್ದಾದ್ರೇನೇ? ಒಸಿ ಬೆಲ್ಲ ಕೊಡಾಕಿಲ್ಲ ಅನ್ನೋರು ಅದ್ಯಾವೂರೋರು?"

ಭವ್ಯ ನಕ್ಕಳು, ಆಮೇಲೆ ಅವ್ವನ ಪಕ್ಷವನ್ನೇ ಸೇರಿದಳು. "ಸಾರ್, ಹೊರಗಡೆ ಗಾಳೀಲೂ ಆಕ್ಸಿಜನ್ ಐತಲ್ವಾ?"

ಹಳೆಯ ಕಾಲದ ರಸಾಯನ ಪಂಡಿತರು ಲೋಹ ಸುಟ್ಟು ತೂಗಿ, ತೂಕ ಹೆಚ್ಚಿದ್ದು ಕಂಡು ತಬ್ಬಿಬ್ಬಾಗುತ್ತಿದ್ದರಂತೆ. ಗಾಳಿ ಕಳ್ಳನ ಹಾಗೆ ಒಳಗೆ ಬಂದು ಲೋಹವನ್ನು ಸೇರಿಕೊಳ್ಳುತ್ತಿತ್ತು. ಯಾರೋ ಪುಣ್ಯಾತ್ಮ ಪಾತ್ರೆಯ ಬಾಯಿ ಬಿಗಿದ ಮೇಲೆಯೇ ಲೆಕ್ಕ ಸರಿಹೋದದ್ದು. ಗೌರಮ್ಮ ಆ ಪುಣ್ಯಾತ್ಮನನ್ನು ಇನ್ನೂ ಒಪ್ಪಿಲ್ಲ. ಸಂಬಳಕ್ಕಾಗಿ ನಾನು ಅವನ ಕಡೆ. ಸಕ್ಕರೆ ಮುಗಿದ ದಿನ ನಮ್ಮ ಮನೆಯೂ ಗೌರಮ್ಮನ ಕಡೆ.

ಮರುಪರೀಕ್ಷೆಯಲ್ಲಿ ಇದೇ ಲೆಕ್ಕ ಬಂತು, ಇದರಿಂದಲೇ ಅವಳು ಫೇಲಾದಳು ಎಂದು ಬರೆದರೆ ಪ್ರಬಂಧ ಚೆನ್ನಾಗಿ ಕೂರುತ್ತದೆ. ನನ್ನ ನೆನಪು ಹಾಗೆಯೇ ಹೇಳುತ್ತದೆ; ಆದ್ದರಿಂದಲೇ ಅನುಮಾನ. ಉತ್ತರಪತ್ರಿಕೆಯನ್ನು ನಾನು ನೋಡಿಲ್ಲ. ಆ ಲೆಕ್ಕ ಬಂದಿತ್ತೆಂದು ಅವಳೇ ಹೇಳಿದಳೋ, ಹೇಳುವವರೆಗೆ ನಾನೇ ಕೇಳಿದೆನೋ. ಫೇಲಾದದ್ದು ನಿಜ. ಸೀಟು ಹೋದದ್ದು ನಿಜ. "ಅವ್ವಂಗೆ ನೀವೇ ಹೇಳಿ ಸಾರ್, ನನ್ ಕೈಲಾಗಲ್ಲ," ಎಂದು ಫೋನಿನಲ್ಲಿ ಅತ್ತದ್ದೂ ನಿಜ.

ಬೆಳ್ಳಾವಿ ಬಸ್ಸಿನಲ್ಲಿ ಸಮಾಧಾನದ ಮಾತುಗಳನ್ನು ಉರುಹೊಡೆದುಕೊಂಡು ಹೋದೆ. ಕೊನೆಗೆ ಹೇಳಿದ್ದು ಫೇಲಾಗಿದ್ದಾಳೆ, ಸೀಟು ಹೋಯಿತು ಎಂದಷ್ಟೇ. ರಾಗಿ ಕೇರುತ್ತಿದ್ದ ಗೌರಮ್ಮ ಮೊರ ಕೆಳಗಿಡದೆ ಕೇಳಿಸಿಕೊಂಡರು.

"ಇನ್ನೊಂದ್ ಸೀಟು ಮಾಡಕಾಗಾಕಿಲ್ವಂತಾ?"

"ಆಗಲ್ವಂತಮ್ಮಾ."

ಮೊರ ನಿಂತಿತು. ಒಳಗೆ ಬಾಗಿಲ ಹಿಂದೆ ಭವ್ಯ ನಿಂತಿದ್ದಳೆಂದು ಕಾಣುತ್ತದೆ, ಬಳೆ ಸದ್ದಾಯಿತು.

"ಮುಂದಿನ್ ಸಲ ಕಟ್ತಾಳೆ ಬುಡಿ," ಎಂದರು ಗೌರಮ್ಮ. "ಅಷ್ಟೊತ್ಗೆ ಆ ಲೆಕ್ಕಾನ ಒಸಿ ಬದಲಾಯ್ಸಿರ್ತಾರೋ, ಅಂಗೇ ಮಡಗಿರ್ತಾರೋ?"

ಹಾಗೆಯೇ ಇರುತ್ತದೆ, ಎಂದೆ. ಇಷ್ಟು ವರ್ಷ ತರಗತಿಯಲ್ಲಿ ವಿಜ್ಞಾನದ ಸೊಗಸು ಎಂದು ನಾನು ಹೊಗಳುತ್ತ ಬಂದದ್ದು ಇದನ್ನೇ. ಅವತ್ತು ಮಾತ್ರ ಸಾವಿನ ಸುದ್ದಿ ತಿಳಿಸುವವನಂತೆ ಮೆಲ್ಲಗೆ ಹೇಳಿದೆ.