ಮೊಳೆಬಾಯಿ ಮಾತು ಕಲಿತದ್ದು

ಸೋಫಾ ರಿಪೇರಿ ಅಂಗಡಿಯವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಮೊಳೆಬಾಯಿ. ಕೆಲಸಕ್ಕೆ ಕೂತನೆಂದರೆ ಒಂದು ಹಿಡಿ ಚಿಕ್ಕ ಮೊಳೆಗಳನ್ನು ಬಾಯಿಗೆ ಸುರಿದುಕೊಳ್ಳುವನು. ನಾಲಗೆಯಿಂದ ಒಂದೊಂದನ್ನೇ ಮುಂದಕ್ಕೆ ತಳ್ಳಿ, ಮುಂಭಾಗದ ಹಲ್ಲುಗಳ ನಡುವೆ ತಲೆ ಹೊರಗಿರುವಂತೆ ನಿಲ್ಲಿಸುವನು. ಅಯಸ್ಕಾಂತದ ಸುತ್ತಿಗೆಯನ್ನು ಬಾಯಿಗೆ ಮುಟ್ಟಿಸಿದರೆ ಮೊಳೆ ಅದಕ್ಕಂಟಿಕೊಳ್ಳುವುದು, ಮರುಗಳಿಗೆ ಮರದೊಳಗೆ ಇಳಿಯುವುದು. ಒಂದು ಕೈ ಬಟ್ಟೆಯನ್ನು ಎಳೆದು ಹಿಡಿದಿರಬೇಕು, ಇನ್ನೊಂದರಲ್ಲಿ ಸುತ್ತಿಗೆ ಇರಬೇಕು, ಮೂರನೆಯ ಕೈಯನ್ನು ದೇವರು ಕೊಡಲಿಲ್ಲ. ಹಾಗಾಗಿ ಈ ಏರ್ಪಾಡು.

ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಅವನ ಹೆಂಡತಿ ಕೂತು ಗವಸು ಹೊಲಿಯುತ್ತಿದ್ದಳು. ಅವಳ ಬಾಯಲ್ಲಿ ಮೊಳೆಯಿರಲಿಲ್ಲವಾದ್ದರಿಂದ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಕೇಳಿದ್ದಕ್ಕೆಲ್ಲ ಅವನದು ಒಂದೇ ಉತ್ತರ, 'ಹೂಂ'. ಬಾಯಿತುಂಬ ಕಬ್ಬಿಣ ತುಂಬಿಕೊಂಡವನು ಇನ್ನೇನು ಹೇಳಲು ಸಾಧ್ಯ? ಸಂಜೆ ಮೊಳೆ ಉಗಿದ ಮೇಲೂ ದವಡೆ ನೋಯುತ್ತಿತ್ತೋ, ಅಭ್ಯಾಸ ತಪ್ಪಿತ್ತೋ, ಊಟ ಮಾಡಿ ಮಲಗುತ್ತಿದ್ದ. ಗಂಡ ತನ್ನ ಮಾತನ್ನೆಲ್ಲ ಒಪ್ಪುತ್ತಾನೆ ಎಂದೇ ಅವಳು ತಿಳಿದಿದ್ದಳು. ಜೊತೆಗೆ, ಅವನು ಒಂದನ್ನೂ ಕೇಳಿಸಿಕೊಳ್ಳುವುದಿಲ್ಲ ಎಂದೂ ತಿಳಿದಿದ್ದಳು. ಇವೆರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ಯೋಚಿಸಲು ಅವಳಿಗೆ ಮಾತಿನ ನಡುವೆ ಪುರುಸೊತ್ತು ಸಿಕ್ಕಿರಲಿಲ್ಲ.

ಹೀಗಿರುವಾಗ ಒಂದು ದಿನ ಹಳೆಯ ದಿವಾನದ ಸ್ಪ್ರಿಂಗುಗಳನ್ನು ಬಿಗಿದು ಕಟ್ಟುತ್ತಿದ್ದಾಗ ಹುರಿ ಕಿತ್ತುಬಂತು. ಸ್ಪ್ರಿಂಗು ನೆಗೆದು ನೇರ ಮುಖಕ್ಕೆ ಬಡಿಯಿತು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಹೋದವು. ಮೊಳೆಗಳು ಅಂಗಡಿಯ ತುಂಬ ಚೆಲ್ಲಾಡಿದವು. ಒಂದನ್ನೂ ನುಂಗಲಿಲ್ಲವಲ್ಲ, ಅದೇ ಪುಣ್ಯ.

ಹತ್ತಿರದ ಹಲ್ಲಿನವನೊಬ್ಬ ತೆಗೆದು ಹಾಕುವಂಥ ಹಲ್ಲಿನ ಸೆಟ್ಟು ಮಾಡಿಕೊಟ್ಟ. ನೋಡಲು ಲಕ್ಷಣವಾಗಿತ್ತು. ಆದರೆ ನಾಲಗೆ ಮೊಳೆಯನ್ನು ತಳ್ಳಿದರೆ ಮೊಳೆಯ ಜೊತೆಗೆ ಸೆಟ್ಟೂ ಮೆರವಣಿಗೆ ಹೊರಡುತ್ತಿತ್ತು. ಕೊನೆಗೆ ಅವನು ಕೆಲಸದ ಹೊತ್ತಿನಲ್ಲಿ ಪಕ್ಕದ ಹಲ್ಲುಗಳಲ್ಲೇ ಸುಧಾರಿಸಿಕೊಂಡು, ಸೆಟ್ಟನ್ನು ತೆಗೆದು ಕೈಗೆ ಸಿಕ್ಕಿದಲ್ಲಿ ಇಡಲು ಶುರುಮಾಡಿದ. ಹಾಗೆ ಇಟ್ಟ ಒಂದು ದಿನ ಸಂಜೆ ಊಟಕ್ಕೆ ಕೂತರೆ ಸೆಟ್ಟಿಲ್ಲ. ಗಂಡ ಹೆಂಡತಿ ಚಿಂದಿಯ ಮೂಟೆ ಕೊಡವಿದರು, ಕಸದ ಬುಟ್ಟಿ ಮಗುಚಿದರು. ಆಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವನು ಅದನ್ನು ವಕೀಲರ ಸೋಫಾದ ಹತ್ತಿಯ ಮೇಲೆ ಇಟ್ಟಿದ್ದ. ಅವಳು ಮೇಲೆ ಬಟ್ಟೆ ಎಳೆದು ಹೊಲಿದಿದ್ದಳು. ಸೋಫಾ ಮಧ್ಯಾಹ್ನವೇ ಗಾಡಿ ಹತ್ತಿ ಹೋಗಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ವಕೀಲರ ಮನೆಯ ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತರು. ಇವರು ಬಾಯಿ ತೆರೆಯುವ ಮೊದಲೇ ವಕೀಲರ ಹೆಂಡತಿ ಶುರುಮಾಡಿದರು.

"ಬಂದ್ರಾ? ಒಳ್ಳೇದೇ ಆಯ್ತು. ಆ ಎಡಗಡೆ ಸೀಟು ಕಚ್ಚುತ್ತೆ ನೋಡಿ."

"ಗೊತ್ತು ಅಮ್ಮಾವ್ರೆ," ಎಂದಳು ಅವಳು. "ಅವು ನಮ್ಮೆಜಮಾನ್ರ ಹಲ್ಲು."

ವಕೀಲರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಪತ್ರಿಕೆ ತುಂಬ ಹೊತ್ತು ಅಲುಗಾಡುತ್ತಲೇ ಇತ್ತು. ಮೊಳೆಬಾಯಿ ಮಾತ್ರ ನೆಲ ನೋಡುತ್ತಾ ಹೊಲಿಗೆ ಬಿಚ್ಚಿ, ಸೆಟ್ಟನ್ನು ಜೇಬಿಗೆ ಹಾಕಿಕೊಂಡು, ಸೀಟನ್ನು ಮತ್ತೆ ಮುಚ್ಚಿಕೊಟ್ಟ. ಅವನಿಗೆ ಹಾಗೆ ಅವಮಾನವಾದದ್ದನ್ನು ಅವಳು ಎಂದೂ ನೋಡಿರಲಿಲ್ಲ. ಅಲ್ಲಿಂದ ಅವನ ತೋಳು ಹಿಡಿದು ನೇರ ಎಳೆದೊಯ್ದದ್ದು ದೊಡ್ಡ ಆಸ್ಪತ್ರೆಯ ಹಲ್ಲಿನ ಡಾಕ್ಟರಮ್ಮನ ಹತ್ತಿರ.

"ಇಂಪ್ಲಾಂಟ್ ಹಾಕಿಸ್ಕೊಳ್ಳಿ," ಎಂದರು ಡಾಕ್ಟರಮ್ಮ. "ದವಡೆ ಮೂಳೆಗೆ ತೂತು ಮಾಡಿ ಲೋಹದ ತಿರುಪು ಕೂರಿಸ್ತೀವಿ. ಮೂಳೆ ಅದನ್ನ ಬೇರಿನ ಹಾಗೆ ಹಿಡ್ಕೊಳ್ಳುತ್ತೆ. ಆಮೇಲೆ ಅದರ ಮೇಲೆ ಹಲ್ಲು."

"ಬಿಚ್ಚಿ ಎಲ್ಲಾದ್ರೂ ಇಡೋಕಾಗುತ್ತಾ?" ಎಂದಳು ಅವಳು.

"ಆಗಲ್ಲ."

"ಹಾಗಾದ್ರೆ ಅದೇ ಹಾಕಿ."

ಡಾಕ್ಟರಮ್ಮ ನಕ್ಕು ಉಳಿದದ್ದನ್ನೂ ಹೇಳಿದರು. ಸೇತುವೆಯ ಹಾಗೆ ಕಟ್ಟುವ ಹಲ್ಲಾದರೆ ಅಕ್ಕಪಕ್ಕದ ಗಟ್ಟಿ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಬೇಕು. ಇದಕ್ಕೆ ಅವುಗಳ ತಂಟೆಗೇ ಹೋಗಬೇಕಿಲ್ಲ. ಹಲ್ಲಿಲ್ಲದ ಜಾಗದ ಮೂಳೆ ವರ್ಷ ಕಳೆದಂತೆ ಕರಗಿ ತುಟಿ ಒಳಕ್ಕೆ ಹೋಗುತ್ತದೆ. ತಿರುಪು ಇದ್ದರೆ ಮೂಳೆಗೆ ಕೆಲಸವಿರುತ್ತದೆ, ಅಷ್ಟು ಬೇಗ ಸವೆಯುವುದಿಲ್ಲ. ಕಚ್ಚಬಹುದು, ಅಗಿಯಬಹುದು, ನಗಬಹುದು. ಆದರೆ ಮೂಳೆ ಕಚ್ಚಿಕೊಳ್ಳಲು ಕೆಲವು ತಿಂಗಳು ಬೇಕು, ಅಲ್ಲಿಯತನಕ ಆ ಜಾಗವನ್ನು ಕೆಣಕುವಂತಿಲ್ಲ.

"ಅಂಟು ಒಣಗೋವರೆಗೆ ಕುರ್ಚಿ ಮೇಲೆ ಕೂರಬಾರದು," ಎಂದ ಮೊಳೆಬಾಯಿ. ಆ ದಿನ ಅವನಾಡಿದ ಮೊದಲ ಮಾತು ಅದು.

ತಿರುಪು ಕೂತಿತು, ಕಾಯುವ ಕಾಲ ಬಂತು. ಆ ಜಾಗ ಕೆಣಕುವಂತಿಲ್ಲವಾದ್ದರಿಂದ ಬಾಯಿಗೆ ಮೊಳೆ ನಿಷಿದ್ಧ. ಮೊಳೆಗಳು ಬಟ್ಟಲಿಗೆ ಇಳಿದವು. ಪ್ರತಿ ಮೊಳೆಗೂ ಬಗ್ಗಿ ಎದ್ದು ಕೆಲಸ ಆಮೆಯ ನಡಿಗೆಯಾಯಿತು, ಗಿರಾಕಿಗಳು ಗೊಣಗಿದರು. ಖಾಲಿ ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಮನೇಲಿ ನೀನು ಬಣ್ಣ ಹೊಡೆಸಿದ ಆ ಹಸಿರು ಗೋಡೆ ಇದೆಯಲ್ಲ, ಅದು ನನಗೆ ಮೊದಲಿಂದಲೂ ಆಗಲ್ಲ," ಎಂದ ಒಂದು ಬೆಳಿಗ್ಗೆ. ಅವಳ ಯಂತ್ರ ನಿಂತೇ ಹೋಯಿತು. ಮರುದಿನ ಅವಳ ಅಡುಗೆಗೆ ಉಪ್ಪು ಕಮ್ಮಿ ಎಂದ. ಅದರ ಮರುದಿನ ಅವಳ ತಮ್ಮ ಬರೀ ಬುರುಡೆ ಬಿಡುತ್ತಾನೆ ಎಂದ. ಅವಳು ಕೆಂಡವಾದಳು. ಇಂಥವನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೆನೇ ಎಂದು ತಲೆ ಚಚ್ಚಿಕೊಂಡಳು. ಈ ಹಲ್ಲು ಯಾವಾಗ ಬರುತ್ತದೋ, ಈ ಬಾಯಿ ಯಾವಾಗ ಮುಚ್ಚುತ್ತದೋ ಎಂದು ಕ್ಯಾಲೆಂಡರಿನ ಮುಖ ನೋಡಿದಳು.

ಒಂದು ಮಧ್ಯಾಹ್ನ ಅವಳು ಯಾರೋ ಗಿರಾಕಿಗೆ ತಾನು ಚಿಕ್ಕಂದಿನಲ್ಲಿ ಬಾವಿಗೆ ಬಿದ್ದ ಕತೆ ಹೇಳುತ್ತಿದ್ದಳು. ತಮ್ಮನೇ ಹಗ್ಗ ಬಿಟ್ಟು ಎಳೆದ ಎಂದಳು. ಗಿರಾಕಿ ಹೋದ ಮೇಲೆ ಮೊಳೆಬಾಯಿ ತಲೆಯೆತ್ತದೆ ಹೇಳಿದ, "ನಿನ್ನ ಎಳೆದಿದ್ದು ತಮ್ಮ ಅಲ್ಲ ಕಣೆ. ಪಕ್ಕದ ಮನೆ ಅತ್ತೆ. ಅವರ ಕೈಯ ಚರ್ಮ ಸುಲಿದಿತ್ತು, ನೀನು ಒಂದು ವಾರ ಅವರ ಮನೇಲೇ ಮಲಗಿದ್ದೆ. ನಾವು ಮದುವೆಯಾದ ಹೊಸತರಲ್ಲಿ ನೀನೇ ಹೇಳಿದ್ದು."

ಇಷ್ಟು ವರ್ಷವೂ ಅವಳು ಗೋಡೆಯ ಜೊತೆ ಮಾತಾಡುತ್ತಿದ್ದೇನೆಂದು ಅಂದುಕೊಂಡಿದ್ದಳು. ಗೋಡೆ ಪ್ರತಿಯೊಂದನ್ನೂ ಕೇಳಿಸಿಕೊಂಡು ಜೋಪಾನ ಮಾಡಿಟ್ಟಿತ್ತು. ಅವತ್ತಿನಿಂದ ಅವಳಿಗೆ ಹೊಸ ಹಲ್ಲಿನ ಹೆಸರೆತ್ತಿದರೆ ಭಯವಾಗತೊಡಗಿತು. ಹಲ್ಲು ಬಂದರೆ ಮೊಳೆ ಬರುತ್ತದೆ, ಮೊಳೆ ಬಂದರೆ ಮತ್ತೆ ಬರೀ 'ಹೂಂ'.

ಹಲ್ಲು ಬಂದೇ ಬಂತು. ಯಾವುದು ಹಳೆಯದು, ಯಾವುದು ಹೊಸದು ಎಂದು ಗುರುತಾಗದಷ್ಟು ಚೆನ್ನಾಗಿತ್ತು. "ಇದಕ್ಕೆ ಹುಳುಕು ಹಿಡಿಯಲ್ಲ. ಆದ್ರೆ ವಸಡು ಕೆಟ್ರೆ ಇದೂ ಅಲುಗಾಡುತ್ತೆ, ದಿನಾ ಚೆನ್ನಾಗಿ ಉಜ್ಜಿ," ಎಂದರು ಡಾಕ್ಟರಮ್ಮ. "ತಿನ್ನೋದನ್ನೆಲ್ಲ ತಿನ್ನಿ. ಬಾಟ್ಲಿ ಮುಚ್ಚಳ ಮಾತ್ರ ಕಚ್ಚಿ ತೆಗೀಬೇಡಿ." ಮೊಳೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ಒಂದು ಮಾತು ಹೇಳಿದ್ದರೆ ಬಾಯಿಗೆ ಮೊಳೆ ಬೇಡವೆಂದು ಅಲ್ಲೇ ತೀರ್ಮಾನವಾಗುತ್ತಿತ್ತು. ಆದರೆ ಹೇಳಿದರೆ ಅವನ ಕಸುಬಿಗೆ ಕಲ್ಲು ಹಾಕಿದಂತೆ. ಲೋಕದ ಸುದ್ದಿಯನ್ನೆಲ್ಲ ಹಂಚುವ ಹೆಂಗಸು ಅಲ್ಲಿ ತುಟಿ ಬಿಚ್ಚಲಿಲ್ಲ.

ದಾರಿಯಲ್ಲಿ ಅವನು ಒಂದು ಸೇಬು ಕೊಂಡು ಕಚ್ಚಿದ. ಕರಕ್ ಎಂದು ಸದ್ದಾಯಿತು. ಅಲ್ಲೇ ನಿಂತು ಬಾಯಿತುಂಬ ನಕ್ಕ. ಅವಳೂ ನಕ್ಕಳು.

ಅಂಗಡಿಯಲ್ಲಿ ಕ್ಷೌರದವನ ಕುರ್ಚಿ ಕಾದು ಕೂತಿತ್ತು. ಮೊಳೆಬಾಯಿ ಚರ್ಮದ ಬಟ್ಟೆ ಎಳೆದು ಹಿಡಿದ, ಒಂದು ಹಿಡಿ ಮೊಳೆ ತೆಗೆದು ಬಾಯಿಗೆ ಸುರಿದುಕೊಂಡ. ನಾಲಗೆ ಮೊದಲ ಮೊಳೆಯನ್ನು ಮುಂದೆ ತಂದಿತು. ಹೊಸ ಹಲ್ಲು ಅದನ್ನು ಗಟ್ಟಿಯಾಗಿ ಹಿಡಿಯಿತು. ಅವನ ಮುಖ ಅರಳಿತು.

ಅವಳು ಎದ್ದು ಬಂದು ಅವನ ಗಲ್ಲದ ಕೆಳಗೆ ಅಂಗೈ ಹಿಡಿದಳು.

"ಉಗೀರಿ."

ಅವನು ಹುಬ್ಬೇರಿಸಿದ.

"ಉಗೀರಿ ಅಂದೆ. ಕೆಲಸ ನಿಧಾನ ಆದ್ರೆ ಆಗಲಿ."

ಅವನು ಸುತ್ತಿಗೆ ಕೆಳಗಿಟ್ಟ. ಆಮೇಲೆ ಮೊಳೆಗಳು ಒಂದೊಂದಾಗಿ ಅವಳ ಅಂಗೈಗೆ ಬಿದ್ದವು, ಎಂಜಲು ಸಮೇತ.

"ಈಗ ಮಾತಾಡಿ," ಎಂದಳು.

"ಏನಂತ?"

"ಏನಾದ್ರೂ. ಬೈದ್ರೂ ನಡೆಯುತ್ತೆ."

ಅವನು ಅವಳ ಯಂತ್ರದ ಕಡೆ ಗಲ್ಲ ಎತ್ತಿ ತೋರಿಸಿದ. "ಆ ಅಂಚಿನ ಹೊಲಿಗೆ ಸೊಟ್ಟಗಿದೆ."

ಸೊಟ್ಟಗೇ ಇತ್ತು. ಅವಳು ಹೋಗಿ ಕೂತು, ಕಣ್ಣೊರೆಸಿಕೊಂಡು, ಅದು ನೇರವಾಗಿಯೇ ಇದೆ ಎಂದು ಜಗಳ ತೆಗೆದಳು.